ಬಾಣಲೆಗೆ ಬಿದ್ದ ಹರಳು

ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಔಷಧಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗ ಸೇರಿದಳು. ಕಾಲುನೋವಿನವರು ಬಿಸಿನೀರಿಗೆ ಹಾಕಿಕೊಳ್ಳುವ ಎಪ್ಸಮ್ ಉಪ್ಪನ್ನು ಚೀಲಕ್ಕೆ ತುಂಬುವ ಕೆಲಸ. ಸಂಜೆ ಮನೆಗೆ ಬಂದಾಗ ಬಿಳಿ ದೂಳಿಗೆ ರೆಪ್ಪೆ ಕೂಡ ನರೆತಂತೆ ಕಾಣುತ್ತಿತ್ತು. ಕೆಮ್ಮು ಹಿಡಿಯಿತು. "ದೂಳು ಬಿಡಮ್ಮ, ಇಲ್ಲ ಅಂದ್ರೆ ಉಸಿರು ಬಿಡ್ತೀಯ" ಅಂದರು ಡಾಕ್ಟರು. ಕೆಲಸ ಬಿಟ್ಟರೆ ಹೊಟ್ಟೆಗೇನು? ಉಳಿದದ್ದು ಒಂದೇ ದಾರಿ, ಅದೇ ಕಾರ್ಖಾನೆಯ ಲ್ಯಾಬಿನಲ್ಲಿ ಸಹಾಯಕಿಯ ಜಾಗ. ಅದಕ್ಕೆ ಪರೀಕ್ಷೆ. ತಾನೇ ಮಾಡಿದ ಎಪ್ಸಮ್ ಉಪ್ಪಿನ ಹರಳು ತರಬೇಕು, ಕೇಳಿದ್ದಕ್ಕೆ ಉತ್ತರ ಹೇಳಬೇಕು.

ನಂದು ಬ್ಯಾಟರಿ ರಿಪೇರಿ ಅಂಗಡಿ. ಓದು ನನಗೆ ಹತ್ತಲಿಲ್ಲ, ಸಿಟ್ಟು ಮಾತ್ರ ಬೇಗ ಹತ್ತುತ್ತೆ. ಹರಳಿಗೆಂದು ಹೊಸ ಕ್ಯಾನಿನಿಂದ ಬ್ಯಾಟರಿ ಆಸಿಡ್ ಕೊಟ್ಟೆ. ಅತ್ತಿಗೆ ಅಂಗಡಿಯ ಹಿತ್ತಲಲ್ಲಿ ಕೂತು, ಮೆಗ್ನೀಸಿಯಂ ಕಾರ್ಬೊನೇಟಿನ ಬಿಳಿ ಪುಡಿಯನ್ನು ಚಮಚ ಚಮಚವಾಗಿ ಅದಕ್ಕೆ ಹಾಕಿದಳು. ಬುರಬುರ ನೊರೆ. ನೊರೆ ನಿಂತು ಪುಡಿ ತಳದಲ್ಲಿ ಹಾಗೇ ಕೂತಾಗ, "ಆಸಿಡ್ ಕತೆ ಮುಗೀತು" ಅಂದಳು. ಸೋಸಿ, ಕಾಯಿಸಿ, ಅರ್ಧ ಇಂಗಿಸಿ, ಆರಲು ಬಿಟ್ಟಳು. ಮರುದಿನ ಬಟ್ಟಲಲ್ಲಿ ಗಾಜಿನ ಸೂಜಿಯಂಥ ಹರಳು! ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

ಪರೀಕ್ಷೆಯ ಹಿಂದಿನ ಮಧ್ಯಾಹ್ನ ಊಟಕ್ಕೆ ಬಂದರೆ ಅಡುಗೆಮನೆಯಲ್ಲಿ ಚುರುಚುರು ಸದ್ದು. ಅಮ್ಮ ಬಾಣಲೆ ಮುಂದೆ ಸೌಟು ಹಿಡಿದು ನಿಂತಿದ್ದಾಳೆ. ಬಾಣಲೆಯಲ್ಲಿ ಹರಳು ಕರಗಿ, ಕುದ್ದು, ಬಿಳೀ ಹಿಟ್ಟಾಗಿ ಕೂತಿದೆ.

"ಏನಮ್ಮಾ ಇದು!"

"ಹಸಿಹಸಿ ಇತ್ತು ಕಣೋ. ತೇವ ಹಿಡಿದ ಉಪ್ಪನ್ನ ಹುರಿಯಲ್ವಾ? ಪಾಪ, ದೊಡ್ಡೋರ ಮುಂದೆ ಒದ್ದೆ ಉಪ್ಪು ಇಡ್ತಾಳಲ್ಲ ಅಂತ..."

ತಟ್ಟೆ ನೆಲಕ್ಕೆ ಕುಕ್ಕಿದೆ. "ಅವಳ ಉಸಿರನ್ನೇ ಹುರಿದುಬಿಟ್ಟೆಯಲ್ಲ!" ಅಮ್ಮ ಸೌಟು ಕೈಬಿಟ್ಟು ಗೋಡೆಗೆ ಒರಗಿದಳು.

ಅಷ್ಟರಲ್ಲಿ ಒಳಗೆ ಬಂದ ಅತ್ತಿಗೆ ಬಾಣಲೆ ನೋಡಿ ಕಲ್ಲಾದಳು. ಆಮೇಲೆ ಕೂತು, ಹಿಟ್ಟನ್ನು ಕೆರೆದು ಬಟ್ಟಲಿಗೆ ಹಾಕಿದಳು. ಬಟ್ಟಲ ತುಂಬಾ ಇದ್ದದ್ದು ಅರ್ಧಕ್ಕೂ ಬರಲಿಲ್ಲ.

"ಎಲ್ಲಿ ಹೋಯ್ತು ಮಿಕ್ಕಿದ್ದು?" ಅಂದೆ.

ಅವಳು ನಲ್ಲಿಯಿಂದ ನೀರು ಹಿಡಿದು ಸುರಿದಳು. "ಮುಟ್ಟಿ ನೋಡು."

ಮುಟ್ಟಿದವನು ಹೌಹಾರಿ ಕೈ ಎಳೆದುಕೊಂಡೆ. ಬಟ್ಟಲು ಬಿಸಿ! "ಒಲೆ ಮೇಲಿಟ್ಟಿದ್ಯಾ?"

"ಕಣ್ಣಮುಂದೇ ಸುರಿದ್ನಲ್ಲೋ, ತಣ್ಣೀರು." ಅವಳ ಕಣ್ಣೂ ಅಗಲವಾಗಿತ್ತು. "ಉಪ್ಪಿನ ಒಂದು ಅಣುವಿಗೆ ನೀರಿನ ಏಳು ಅಣು ಅಂತ ಬಾಯಿಪಾಠ ಮಾಡಿದ್ದೆ. ಎಲ್ಲಿರುತ್ತೆ ಅಂತ ಯೋಚ್ನೇನೇ ಮಾಡಿರ್ಲಿಲ್ಲ. ಒಳಗೇ ಕಟ್ಕೊಂಡಿತ್ತು ಕಣೋ! ಅತ್ತೆ ಓಡಿಸಿದ್ರು. ಈಗ ಉಪ್ಪು ಅದನ್ನ ಮತ್ತೆ ಹಿಡ್ಕೊಳ್ತಿದೆ, ಅದಕ್ಕೇ ಈ ಬಿಸಿ."

ಮತ್ತೆ ಸೋಸಿ, ಇಂಗಿಸಿ, ಆರಲು ಇಟ್ಟಳು. ಬೆಳಗ್ಗೆ ಹರಳು ಬಂದಿತ್ತು, ಸಣ್ಣಸಣ್ಣದು. ಈ ಸಲ ಕಾಗದದಲ್ಲಿ ಒತ್ತಿ ಒರೆಸಿದಳು, ಅಷ್ಟೆ. ಅಮ್ಮ ಆ ಕಡೆ ತಲೆಯೆತ್ತಿಯೂ ನೋಡಲಿಲ್ಲ.

ಕಾರ್ಖಾನೆ ಗೇಟಿನಲ್ಲಿ ಕಾಯುತ್ತ ಕಾವಲುಗಾರನ ಜೊತೆ ವಿನಾಕಾರಣ ಜಗಳ ಆಡಿದೆ. ಅತ್ತಿಗೆ ಹೊರಗೆ ಬಂದಾಗ ಮುಖ ಬಿಳಿಚಿತ್ತು.

"ಹರಳನ್ನ ಗಾಜಿನ ಕೊಳವೇಲಿ ಕಾಯಿಸಿದ್ರು. ನೀರು ಹನಿ ಕಟ್ತು. ಎಲ್ಲಿಂದ ಬಂತು ಅಂದ್ರು. ಮುಂಚೆ ಹೋದೋರು ಸರಿಯಾಗಿ ಒಣಗಿಸಿಲ್ಲ ಸಾರ್ ಅಂದಿದ್ರಂತೆ."

"ನೀನು?"

"ಒಣಗಿದೆ ಸಾರ್, ಇದು ಹರಳಿನ ಮೈಯ ನೀರೇ, ಅದನ್ನ ತೆಗೆದ್ರೆ ಹರಳೇ ಇರಲ್ಲ ಅಂದೆ. ಬಾಣಲೆ ವಿಷಯಾನೂ ಬಾಯಿಗೆ ಬಂದುಬಿಡ್ತು."

"ಅಯ್ಯೋ! ಆಮೇಲೆ?"

"ನಕ್ಕರು. ಸೋಮವಾರದಿಂದ ಲ್ಯಾಬಿಗೆ ಬಾ ಅಂದ್ರು."

ನಾನು ಗೇಟಿನ ಪಕ್ಕದಲ್ಲೇ ಕುಸಿದು ಕೂತೆ.

"ಏಳೋ, ಜನ ನೋಡ್ತಾರೆ" ಅಂದಳು ಅತ್ತಿಗೆ. ಹಾಗೆ ಅಂದವಳು ತಾನೂ ಪಕ್ಕದಲ್ಲೇ ಕೂತಳು.