ಕೈಮರದ ಕೈ

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಕಥೆ ಕಟ್ಟಲು ಬರುವುದಿಲ್ಲ. ನನ್ನ ಈ ಬಲಗೈಗೆ ಆದದ್ದನ್ನು ಆದ ಹಾಗೆಯೇ ಬರೆಯುತ್ತಿದ್ದೇನೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಕೊಡಗು ಇನ್ನೂ ಬೇರೆಯೇ ರಾಜ್ಯವಾಗಿದ್ದ ಕಾಲ. ಎರಡು ಗುಡ್ಡಗಳ ಸಂದಿಯಲ್ಲಿ ನಮ್ಮೂರು. ಬಸ್ಸು ನಿಲ್ಲುವ ಕವಲಿನಲ್ಲಿ ಒಂದು ಕೈಮರ, ದಾರಿ ತೋರಿಸುವ ಮರದ ಕಂಬ. ಅದರ ಹಲಗೆಯ ತುದಿಯನ್ನು ಬೆರಳು ಚಾಚಿದ ಕೈಯ ಹಾಗೆ ಕೆತ್ತಿದ್ದರು. ಅಲ್ಲಿಂದ ಎರಡು ದಾರಿ ಇಳಿಯುತ್ತಿದ್ದವು. ಒಂದು ಊರಿಗೆ. ಇನ್ನೊಂದು ರಾಜರ ಕಾಲದ ಕುದುರೆ ದಾರಿ. ಅದು ಹೋಗಿ ಮುಗಿಯುವುದು ಕಡಂಗದ ಅಂಚಿನಲ್ಲಿ. ಹಿಂದಿನವರು ಯುದ್ಧಕ್ಕೆಂದು ತೋಡಿದ ಕಂದಕ ಅದು, ಮೂರಾಳು ಆಳ...

ಮಂಜು ಇಳಿದರೆ ನಮ್ಮ ಕಾಲೇ ನಮಗೆ ಕಾಣದು. ಆಗ ಕೈಮರವನ್ನು ತಡವಿ, ಅದು ಚಾಚಿದ ಕಡೆ ನಡೆಯಬೇಕು. ನನ್ನ ತಂಗಿ ನೀಲು ಅದರ ಬೆರಳು ಹಿಡಿದು ಕುಲುಕಿ, "ಏನ್ ಮಾವ, ಸೌಖ್ಯ ಉಟ್ಟಾ?" ಎಂದು ಕ್ಷೇಮ ಕೇಳಿ ನಗುತ್ತಿದ್ದಳು.

ನಾನು ರಸ್ತೆ ಕೂಲಿ. ಹಳೆಯ ಕೈಮರ ಕಿತ್ತು ಹೊಸದು ನೆಡುವ ದಿನ ಮಲಯಾಳಿ ಮೇಸ್ತ್ರಿ ಹೇಳಿದ್ದ: "ಎಡಾ, ಬುಡಕ್ಕೆ ಕಲ್ಲು ಕೊಡು. ಬರೀ ಮಣ್ಣು ತುಂಬಿದ್ರೆ ಅದೂ ನಿನ್ನ ಹಾಗೇ ಕಂಡಲ್ಲೆಲ್ಲ ತಿರುಗ್ತದೆ!"

ನಾನು ಬರೀ ಮಣ್ಣು ತುಂಬಿ ತುಳಿದೆ.

ಒಂದು ಸಂತೆಯ ದಿನ ಸಂಜೆ ನೋಡುತ್ತೇನೆ, ಮರ ತುಂಬಿದ ಲಾರಿ ತಾಗಿ ಕೈಮರ ತಿರುಗಿ ನಿಂತಿದೆ. ಬೆರಳು ಕುದುರೆ ದಾರಿಯ ಕಡೆಗೆ. ನಾಳೆ ಸರಿ ಮಾಡಿದರಾಯಿತು ಎಂದು ಮನೆಗೆ ಹೋದೆ.

ಮಂಜು ಇಳಿಯಿತು.

"ನೀಲು ಕೊನೇ ಬಸ್ಸಿಗೆ ಬರ್ತಾಳೆ. ಲಾಟೀನು ಹಿಡ್ಕಂಡ್ ಹೋಗ್ ಮಗ," ಅಂದಳು ಅವ್ವ.

"ಅವಳಿಗೆ ದಾರಿ ಗೊತ್ತುಟ್ಟು," ಅಂದೆ. ಒಲೆಯ ಮುಂದೆಯೇ ನಿದ್ದೆ ಹೋದೆ.

ಬೆಳಿಗ್ಗೆ ಕಡಂಗದೊಳಗೆ ಸಿಕ್ಕಿದಳು. ಕೈಯಲ್ಲಿ ಸಂತೆಯಲ್ಲಿ ಇಡಿಸಿಕೊಂಡ ಹೊಸ ಕೆಂಪು ಗಾಜಿನ ಬಳೆ.

ಜನ ಅಲ್ಲಿ ಸೇರಿದ್ದಾಗ ನಾನು ಓಡಿಹೋಗಿ ಕೈಮರವನ್ನು ಊರಿನ ಕಡೆ ತಿರುಗಿಸಿದೆ. ಆಗ ಬುಡಕ್ಕೆ ಕಲ್ಲೂ ಕೊಟ್ಟೆ. ಎಲ್ಲರೂ ಮಂಜನ್ನು ಬೈದರು. ನಾನೂ ಬೈದೆ.

ಮರುವರ್ಷ ಅಂಥದೇ ಸಂಜೆ ಬಸ್ಸಿನಿಂದ ಒಬ್ಬನೇ ಇಳಿದೆ. ಬಸ್ಸಿನ ಸದ್ದು ದೂರವಾಯಿತು. ಆಮೇಲೆ ಏನೂ ಇಲ್ಲ... ಆಗಷ್ಟೇ ತೋಡಿದ ಹಸಿ ಮಣ್ಣಿನ ವಾಸನೆ ಮಾತ್ರ.

ಬಲಗೈ ಚಾಚಿದೆ. ಕಂಬ ಸಿಕ್ಕಿತು, ತಣ್ಣಗೆ, ಒದ್ದೆ. ಹಲಗೆಯ ಗುಂಟ ತಡವುತ್ತಾ ತುದಿಗೆ ಬಂದೆ.

ಅದು ಮರವಾಗಿರಲಿಲ್ಲ.

ಬೆಚ್ಚಗಿತ್ತು. ಮಣಿಕಟ್ಟಿನಲ್ಲಿ ಗಾಜು ಕಿಣಿ ಎಂದಿತು. ಬೆರಳುಗಳು ಮೆಲ್ಲಗೆ ನನ್ನ ಬೆರಳ ಸುತ್ತ ಮುಚ್ಚಿಕೊಂಡವು.

"ಅಣ್ಣ... ಇತ್ತ..."

ಎಳೆಯಿತು. ಕಡಂಗಕ್ಕೇ ಎಳೆಯುತ್ತಿದ್ದಾಳೆ ಅಂದುಕೊಂಡೆ. ಕೈ ಕಿತ್ತುಕೊಂಡು, ಅದಕ್ಕೆ ಬೆನ್ನು ಹಾಕಿ ಓಡಿದೆ. ಓಡುತ್ತಲೇ ಕಾಲಡಿಯ ಮಣ್ಣು ಕುಸಿಯಿತು... ಒಂದು ಬೇರು ಕೈಗೆ ಸಿಕ್ಕಿತು. ಮಂಜು ಸರಿದು ತಿಂಗಳ ಬೆಳಕು ಬಿದ್ದಾಗ ನೋಡಿದರೆ ನಾನು ನೇತಾಡುತ್ತಿದ್ದದ್ದು ಕಡಂಗದ ಅಂಚಿನಲ್ಲೇ.

ಅಂದರೆ ಆ ಕೈ ನನ್ನನ್ನು ಎಳೆದದ್ದು ಮನೆಯ ಕಡೆಗೆ.

ಸಿಟ್ಟಿನಿಂದ ಎಳೆದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ.

ಈಗ ಅಲ್ಲಿ ಕಬ್ಬಿಣದ ಬೋರ್ಡು ಇದೆ, ದೀಪವೂ ಇದೆ. ಆದರೂ ಮಂಜು ಇಳಿದ ಸಂಜೆ ಬಲಗೈಯನ್ನು ಕಂಬಳಿಯೊಳಗೇ ಇಟ್ಟುಕೊಂಡು ನಡೆಯುತ್ತೇನೆ. ಆ ಕವಲು ದಾಟುವಾಗ ಅದು ತಾನಾಗಿ ಬೆಚ್ಚಗಾಗುತ್ತದೆ...