ಚಂದ್ರನ ಮೇಲಿಟ್ಟ ಭಾರತ

ತೊಂಬತ್ತರ ದಶಕದ ಕೊನೆ. ಹೆಂಡತಿ ತೀರಿಕೊಂಡ ಹದಿನಾಲ್ಕನೆಯ ದಿನ ನಾನು ಮತ್ತೆ ಚಿಂಚವಾಡದ ಕಾರ್ಖಾನೆಗೆ ಕೆಲಸಕ್ಕೆ ಹೋದೆ. ಸಂಜೆ ಪುಣೆಯ ಮನೆಗೆ ಬಂದಾಗ ಆರನೆಯ ತರಗತಿಯ ಮಗಳು ಶಾಲೆಗಾಗಿ ಭಾರತದ ನಕಾಶೆ ಕತ್ತರಿಸಿ, ನಕಾಶೆಯ ಪ್ರಮಾಣದಲ್ಲೇ ಬರೆದ ಚಂದ್ರನ ಚಿತ್ರದ ಮೇಲೆ ಇಡುತ್ತಿದ್ದಳು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ದೇಶ ಚಂದ್ರನ ಈ ಅಂಚಿನಿಂದ ಆ ಅಂಚಿಗೆ ಹೆಚ್ಚುಕಡಿಮೆ ಮುಟ್ಟಿತ್ತು.

"ಅಪ್ಪಾ, ಚಂದ್ರ ಇಷ್ಟ ಸಣ್ಣದೇನು?"

"ಹೌದವ್ವಾ."

"ಅವ್ವಗ ಗೊತ್ತಿತ್ತೇನು?"

ಅವಳವ್ವ ಪ್ರತಿ ಸಂಕಷ್ಟಿಗೂ ಗಚ್ಚಿಯ ಮೇಲೆ ಹೋಗಿ ಚಂದ್ರನನ್ನು ನೋಡಿದ ಮೇಲೆಯೇ ಉಪವಾಸ ಬಿಡುತ್ತಿದ್ದಳು. ಅಳತೆಯ ಮಾತು ನಮ್ಮಿಬ್ಬರ ನಡುವೆ ಎಂದೂ ಬಂದಿರಲಿಲ್ಲ.

"ಗೊತ್ತಿಲ್ಲವ್ವಾ, ನಾ ಕೇಳಿಲ್ಲ," ಎಂದೆ.

ಅಳು ಬರಲಿಲ್ಲ, ಏನೂ ಅನಿಸಲಿಲ್ಲ. ನಕಾಶೆಯ ಹಿಂದೆ ಅಂಟು ಹಚ್ಚಿಕೊಟ್ಟೆ. ಅದು ಒಣಗುವವರೆಗೂ ಮಗಳು ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು. ನಾನು ಪಕ್ಕದಲ್ಲೇ ಕುಳಿತಿದ್ದೆ.