ಉಪಗ್ರಹಕ್ಕೆ ಹಿತ್ತಾಳೆ ತಗಡು

ಬಸವಕಲ್ಯಾಣದ ಪಾತ್ರೆ ಅಂಗಡಿಗಳ ಸಾಲಿನಲ್ಲಿ ಕೂತು ಅಂಬಾದಾಸ ಮೂವತ್ತು ವರ್ಷಗಳಿಂದ ಹೆಸರು ಕೆತ್ತುತ್ತಿದ್ದಾನೆ. ತಂಬಿಗೆ, ಕೊಡ, ಮದುವೆಯ ಮುಯ್ಯಿ ತಟ್ಟೆ, ಗುಡಿಯ ಫ್ಯಾನು. ಕೊಟ್ಟವರ ಹೆಸರಿಲ್ಲದೆ ಈ ಊರಲ್ಲಿ ಒಂದು ಚಮಚವೂ ಕೈ ಬದಲಿಸುವುದಿಲ್ಲ. ತಿರುಗಿದರೆ ಹೆಸರು ಓದಲಾಗದೆಂದು ನಡುಬೇಸಿಗೆಯಲ್ಲೂ ಫ್ಯಾನು ಹಾಕಗೊಡದ ದಾನಿಯನ್ನು ಅವನು ಕಣ್ಣಾರೆ ಕಂಡಿದ್ದಾನೆ.

ಹೀಗಾಗಿ ತಂಗಿಯ ಮಗಳು ರತ್ನಮಾಲಾ ಹುಮನಾಬಾದಿನ ಕಾಲೇಜಿನಿಂದ ದಪ್ಪನೆಯ ಹಿತ್ತಾಳೆ ತಗಡು ಹಿಡಿದು ಬಂದಾಗ ಅವನಿಗೆ ಅಚ್ಚರಿಯಾಗಲಿಲ್ಲ. ಅಲ್ಲಿ ಅವಳು ಸಹಪಾಠಿಗಳ ಜೊತೆ ಮೂರು ವರ್ಷದಿಂದ ಗೇಣುದ್ದವೂ ಇಲ್ಲದ ಉಪಗ್ರಹ ಕಟ್ಟುತ್ತಿದ್ದಳು. ಮುಡಬಿಯ ಕಡೆ ಬೆಳೆ ಎಲ್ಲೆಲ್ಲಿ ಒಣಗುತ್ತಿದೆಯೆಂದು ಮೇಲಿನಿಂದ ನೋಡುವ ಪುಟ್ಟ ಕ್ಯಾಮೆರಾ ಅವಳ ಕೈಯ ಕೆಲಸ.

"ಚೇರ್ಮನ್ ಸಾಹೇಬ್ರದು, ಕಮಿಟಿಯವರದು ಹೆಸರು ಇದರ ಮ್ಯಾಲ ಬರಬೇಕಂತ, ಮಾಮಾ."

"ಅಷ್ಟ ಎತ್ತರದಾಗ ಯಾರ ಓದತಾರ?"

"ಹೋಗೂಕಿಂತ ಮೊದಲ ಫೋಟೋ ತೆಗೀತಾರ."

ತಗಡು ನೂರನಲವತ್ತು ಗ್ರಾಂ ಇತ್ತು. ಅದನ್ನು ಸೇರಿಸಿದರೆ ಉಪಗ್ರಹದ ತೂಕ ರಾಕೆಟ್‌ನವರ ಮಿತಿಗಿಂತ ಅರವತ್ತು ಗ್ರಾಂ ಹೆಚ್ಚಾಗುತ್ತಿತ್ತು. ಕಾಲೇಜಿನ ಚೇರ್ಮನ್ ವೈಜನಾಥಪ್ಪನವರು ಒಂದೇ ನಿಮಿಷದಲ್ಲಿ ಪರಿಹಾರ ಹುಡುಕಿದ್ದರು: ಕ್ಯಾಮೆರಾ ತೆಗೆದುಬಿಡಿ. ಅದು ಸರಿಯಾಗಿ ಅರವತ್ತು ಗ್ರಾಂ. ಮೂರು ವರ್ಷದಲ್ಲಿ ಈ ಸಂಶೋಧನೆಗೆ ಅವರು ಕೊಟ್ಟ ಕೊಡುಗೆ ಅದೊಂದೇ.

ಅಂಬಾದಾಸ ತಗಡನ್ನು ಅಂಗೈಯಲ್ಲಿ ತೂಗಿ ನೋಡಿದ. "ಎಷ್ಟು ಹೆಸರಿಗಿ ಹುಕುಂ ಆಗ್ಯಾದ?"

"ಹನ್ನೊಂದು."

"ಹಂಗಾದ್ರ ಮ್ಯಾಲ ಮ್ಯಾಲ ಕೆತ್ತೂದು ಬ್ಯಾಡ. ಆರಪಾರ ಕತ್ತರಸ್ತೀನಿ. ಅಕ್ಷರದ ನಡುವಿನ ತುಂಡೂ ಬೀಳಲಿ, ಅಷ್ಟ ತೂಕ ಇಳೀತದ."

ಎರಡು ದಿನ ಸಣ್ಣ ಗರಗಸ ಆಡಿತು. ವೈಜನಾಥಪ್ಪನವರ 'ವ'ದ ಹೊಟ್ಟೆ, 'ಥ'ದ ಹೊಟ್ಟೆ ಡಬ್ಬಿಗೆ ಉದುರಿದವು. ಪಕ್ಕದ ಸರಾಫರ ತಕ್ಕಡಿಯಲ್ಲಿಟ್ಟು ನೋಡಿದರೆ ನಲವತ್ತೆಂಟು ಗ್ರಾಂ ಇಳಿದಿತ್ತು. ಇನ್ನೂ ಹನ್ನೆರಡು ಉಳಿದಿತ್ತು. ಮರುದಿನ ಉಪಗ್ರಹದ ಪೆಟ್ಟಿಗೆ ಮುಚ್ಚಬೇಕು. ರತ್ನಮಾಲಾಳ ಮುಖ ಸಣ್ಣದಾಯಿತು.

"ಸಾಹೇಬ್ರಿಗಿ ಮೊಮ್ಮಕ್ಕಳ ಅದಾರೇನು?" ಎಂದ ಅಂಬಾದಾಸ.

ಅವಳು ಚೇರ್ಮನ್ನರಿಗೆ ಫೋನು ಹಚ್ಚಿದಳು. ಇನ್ನಷ್ಟು ಹೆಸರಿಗೆ ಜಾಗವಿದೆ ಎಂದಳು.

"ಜಾಗಾ ಅದಂತ ಮೊದಲ ಹೇಳಬಾರದಾ?" ಎಂದು ಚೇರ್ಮನ್ನರು ಮೊಮ್ಮಕ್ಕಳನ್ನೆಲ್ಲ ಬರೆಸಿದರು. "ಅಳಿಯಂದು ದೊಡ್ಡ ಅಕ್ಷರದಾಗ ಇರಲಿ. ಅವನಿಗಿ ಸಿಟ್ಟು ಭಾಳ."

ಸಿಟ್ಟಿನ ಅಳಿಯನಿಂದಲೇ ಐದು ಗ್ರಾಂ ಇಳಿಯಿತು. ಕಡೆಯ ಮೊಮ್ಮಗಳು ಮುಗಿಯುವಷ್ಟರಲ್ಲಿ ತಕ್ಕಡಿ ಒಪ್ಪಿಕೊಂಡಿತು.

ಮರುದಿನ ಹುಮನಾಬಾದಿನ ಸಭೆಯಲ್ಲಿ ವೈಜನಾಥಪ್ಪನವರು ತಗಡನ್ನು ಕಿಟಕಿಗೆ ಹಿಡಿದು, "ನೋಡ್ರಿ, ನಮ್ಮ ಹೆಸರಿನಾಗಿಂದ ಬೆಳಕ ಹ್ಯಾಂಗ ಬರಾಕತ್ತದ" ಎಂದರು. ಕಮಿಟಿ ಚಪ್ಪಾಳೆ ತಟ್ಟಿತು. ಅದೇ ಹೊತ್ತಿಗೆ ಹಿಂದಿನ ಮೇಜಿನ ಮೇಲೆ ರತ್ನಮಾಲಾ ಕ್ಯಾಮೆರಾಕ್ಕೆ ಕೊನೆಯ ಸ್ಕ್ರೂ ಬಿಗಿದಳು.

"ನಿನ್ನ ಹೆಸರ ಎಲ್ಲೂ ಇಲ್ಲಲ್ಲ?" ಎಂದು ತಗಡಿನ ಜೊತೆ ತಾನೂ ಬಂದಿದ್ದ ಅಂಬಾದಾಸ ಮೆಲ್ಲಗೆ ಕೇಳಿದ.

"ಹುಕುಂ ಇರಲಿಲ್ಲ, ಮಾಮಾ."

"ಚಲೋ ಆಯ್ತು ಬಿಡು. ಅವರ ಖಾಂದಾನೆಲ್ಲಾ ನನ್ನ ಡಬ್ಬ್ಯಾಗ ಬಿದ್ದದ."